ವಿಹಾರನೌಕೆಗಳ ಸುರಕ್ಷತೆಯೂ ಸರಕಾರದ ವೆಚ್ಚವೂ

ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದ ಮೆಟ್ಟಿಲುಗಳಿಂದ ಘಾರಾಪುರಿ ದ್ವೀಪಕ್ಕೆ ಹೋಗುವ ಜಲಮಾರ್ಗ ಸುಮಾರು ಹತ್ತು ಕಿಲೋಮೀಟರಿನದು. ಪ್ರಯಾಣದ ಅವಧಿ ಹೆಚ್ಚು ಕಡಿಮೆ ಒಂದು ಗಂಟೆ. ದ್ವೀಪದ ಗುಹಾಲಯಗಳು 1987ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿದುವು. ಎರಡನೆಯ ಪುಲಕೇಶಿಯು ಪಶ್ಚಿಮ ಸಮುದ್ರದ ಪುರಿಯನ್ನು ನೂರಾರು ನಾವೆಗಳೊಡನೆ ಮುತ್ತಿದನೆಂದು 634ರ ಐಹೊಳೆ ಶಾಸನ ಹೇಳುತ್ತದೆ. ಆ ಪುರಿಯೇ ಈ ಘಾರಾಪುರಿಯೆಂದು ಕೆಲವು ವಿದ್ವಾಂಸರ ಮತ, ಒಪ್ಪದವರೂ ಉಂಟು. ಆ ಚರ್ಚೆ ಹೇಗೇ ಇರಲಿ, ಈ ನೀರಿನ ಹಾದಿಯ ಹಳಮೆಯಲ್ಲಿ ಸಂದೇಹವಿಲ್ಲ. ಸಂದೇಹವಿರುವುದು ಅದರ ಸುರಕ್ಷತೆಗೆಂದು ಬೊಕ್ಕಸದಿಂದ ಯಾವಾಗ ಹಣ ಹೊರಡುತ್ತದೆ, ಯಾವ ಬಾಬಿನಲ್ಲಿ ಹೊರಡುತ್ತದೆ ಎಂಬುದರಲ್ಲಿ.

2024ರ ಡಿಸೆಂಬರ್ 18ರಂದು ಸಂಜೆ ನಾಲ್ಕರ ಸುಮಾರಿಗೆ, ಯಾತ್ರಿಕರನ್ನು ಘಾರಾಪುರಿಗೆ ಕರೆದೊಯ್ಯುತ್ತಿದ್ದ ‘ನೀಲಕಮಲ್’ ಎಂಬ ದೋಣಿಗೆ, ಎಂಜಿನು ಪರೀಕ್ಷೆಯಲ್ಲಿ ತೊಡಗಿದ್ದ ನೌಕಾದಳದ ವೇಗದೋಣಿಯೊಂದು ಬಂದು ಅಪ್ಪಳಿಸಿತು. ಹದಿನೈದು ಮಂದಿ ಮಡಿದರು. ದೋಣಿಗೆ ಇದ್ದ ಪರವಾನಗಿ 84 ಪ್ರಯಾಣಿಕರಿಗೆ, ಆರು ಮಂದಿ ಖಲಾಸಿಗಳಿಗೆ. ಅಂದು ಅದರಲ್ಲಿದ್ದವರು ನೂರಕ್ಕೂ ಹೆಚ್ಚು. ಡಿಕ್ಕಿಯ ಹೊಣೆ ಪ್ರಯಾಣಿಕರ ದೋಣಿಯದಲ್ಲ. ಆದರೂ ಡಿಕ್ಕಿಯಾದ ಮೇಲೆ ಬದುಕುವ ಅವಕಾಶ ಎಷ್ಟು ಮಂದಿಗಿರುತ್ತದೆ ಎಂಬುದು ತಲೆಯೆಣಿಕೆಯನ್ನೂ ಮೈಮೇಲಿನ ತೇಲಂಗಿಯನ್ನೂ ಅವಲಂಬಿಸಿದ್ದು. ದೋಣಿಗಾರರು ಲೈಫ್ ಜಾಕೆಟ್ ಎಂದೇ ಕರೆಯುವ ಈ ತೇಲಂಗಿಯನ್ನು ತೊಟ್ಟೇ ದೋಣಿ ಹತ್ತಬೇಕೆಂಬ ಕಟ್ಟಪ್ಪಣೆ ಜಾರಿಗೆ ಬಂದುದು ಈ ಅಪಘಾತದ ಮರುದಿನಗಳಲ್ಲಿ.

ಸತ್ತವರ ಕುಟುಂಬಗಳಿಗೆ ರಾಜ್ಯದ ಮುಖ್ಯಮಂತ್ರಿಗಳ ಪರಿಹಾರನಿಧಿಯಿಂದ ತಲಾ ಐದು ಲಕ್ಷ ರೂಪಾಯಿ, ಪ್ರಧಾನಮಂತ್ರಿಗಳ ನಿಧಿಯಿಂದ ತಲಾ ಎರಡು ಲಕ್ಷ ರೂಪಾಯಿ ಘೋಷಿತವಾದುವು. ಈ ದರವನ್ನು ಹದಿನೈದು ಮಂದಿಗೂ ಅನ್ವಯಿಸಿದರೆ ಮೊತ್ತ ಒಂದು ಕೋಟಿ ಐದು ಲಕ್ಷ. ತೇಲಂಗಿಯೊಂದಕ್ಕೆ ಒಂದು ಸಾವಿರ ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ, ಇಷ್ಟೇ ಹಣದಲ್ಲಿ 10,500 ತೇಲಂಗಿಗಳು ಬರುತ್ತವೆ. ಎಂದರೆ ‘ನೀಲಕಮಲ್’ನಷ್ಟು ದೊಡ್ಡ 125 ದೋಣಿಗಳ ಎಲ್ಲ ಪ್ರಯಾಣಿಕರಿಗೂ ಒಂದೊಂದು. ಈ ಲೆಕ್ಕ ಪರಿಹಾರವನ್ನು ಹಳಿಯುವುದಕ್ಕಲ್ಲ. ಮನೆಯ ದುಡಿಮೆಗಾರನನ್ನು ಕಳೆದುಕೊಂಡವರಿಗೆ ಆ ಹಣ ಅತ್ಯಗತ್ಯ. ಆದರೆ ಪರಿಹಾರನಿಧಿಯ ಹಣಕ್ಕೆ ಒಂದು ವಿಲಕ್ಷಣ ಗುಣವುಂಟು: ಹೆಣ ಬಿದ್ದ ಹೊರತು ಅದು ಕೈಬಿಚ್ಚದು. ಮುಂಗಡಪತ್ರದಲ್ಲಿ ಅದಕ್ಕೆ ‘ಸುರಕ್ಷತೆ’ ಎಂಬ ಶೀರ್ಷಿಕೆಯೂ ಇಲ್ಲ.

ಮುಂಬಯಿಯ ಜಲಯಾನದ ಇತಿಹಾಸದಲ್ಲಿ ಇದು ಹೊಸ ಮಾತಲ್ಲ. 1947ರ ಜುಲೈ 17, ಆಷಾಢದ ಅಮಾವಾಸ್ಯೆ. ಮರಾಠಿಯಲ್ಲಿ ಗಟಾರಿ ಅಮಾವಾಸ್ಯೆ ಎನ್ನುವ ಆ ದಿನ ಭಾವೂಚಾ ಧಕ್ಕಾದಿಂದ ರೇವಸಕ್ಕೆ ಹೊರಟ ‘ರಾಮದಾಸ್’ ಹಡಗು, ಕಾಸಾ ಬಂಡೆಯ ಸಮೀಪದಲ್ಲಿ ಮಳೆಗಾಳಿಯ ಹೊಡೆತಕ್ಕೆ ಮಗುಚಿ ಮುಳುಗಿತು. ಮಡಿದವರು ಆರುನೂರಕ್ಕೂ ಮಿಕ್ಕಿದವರು. ಹಡಗು ಇಂಡಿಯನ್ ಕೋ-ಆಪರೇಟಿವ್ ಸ್ಟೀಮ್ ನ್ಯಾವಿಗೇಶನ್ ಕಂಪನಿಯದು. ಕೊಂಕಣದ ಜನ ‘ಮಾಝೀ ಆಗ್‌ಬೋಟ್ ಕಂಪನಿ’, ಎಂದರೆ ‘ನನ್ನ ಹೊಗೆಹಡಗಿನ ಕಂಪನಿ’, ಎಂದು ಅಕ್ಕರೆಯಿಂದ ಕರೆಯುತ್ತಿದ್ದ ಸಂಸ್ಥೆ. ಹಡಗಿನಲ್ಲಿ ನಿಸ್ತಂತು ಯಂತ್ರವಿರಲಿಲ್ಲ. ಆದ್ದರಿಂದ ಕೂಗಳತೆಯ ದೂರವೆನ್ನಬಹುದಾದ ಮುಂಬಯಿಗೆ ಸುದ್ದಿ ಮುಟ್ಟಲು ಗಂಟೆಗಳೇ ಹಿಡಿದುವು. ಸ್ವಾತಂತ್ರ್ಯಕ್ಕೆ ಇನ್ನೂ ಒಂದು ತಿಂಗಳು ಉಳಿದಿತ್ತು. ಬಂದ ಸಂಭ್ರಮದಲ್ಲಿ ಈ ಶೋಕ ಬಹುಬೇಗ ಮರೆಯಾಯಿತು. ಮಂಗಳೂರು ಕಡೆಯ ಎಷ್ಟೋ ಕನ್ನಡಿಗರು, ತುಳುವರು ಮುಂಬಯಿಗೆ ಬಂದುದು ಇಂಥ ಕರಾವಳಿ ಹಡಗುಗಳ ಡೆಕ್ಕಿನ ಮೇಲೆ ಕುಳಿತೇ. ಹಳೆಯ ತಲೆಮಾರಿನವರ ಬಾಯಲ್ಲಿ ‘ಹಡಗಿನಲ್ಲಿ ಬಂದವರು’ ಎಂಬ ಮಾತಿಗೆ ಇದ್ದ ತೂಕ ಇಂದಿನವರಿಗೆ ತಿಳಿಯುವುದು ಕಷ್ಟ.

ಇನ್ನು ಕಾನೂನಿನ ವಿಷಯ. ಮುಂಬಯಿ ಬಂದರಿನೊಳಗಿನ ನೀರು ನೋಟಕ್ಕೆ ಸಮುದ್ರವಾದರೂ ಕಾನೂನಿನ ಕಣ್ಣಿಗೆ ‘ಒಳನಾಡು’. ಒಳನಾಡಿನ ಉಗಿಹಡಗುಗಳಿಗಾಗಿ ಬ್ರಿಟಿಷರು 1917ರಲ್ಲಿ ಮಾಡಿದ ಶಾಸನವೇ ನೂರು ವರ್ಷಕ್ಕೂ ಮೇಲ್ಪಟ್ಟು ಇಲ್ಲಿಯ ವಿಹಾರದೋಣಿಗಳನ್ನು ಆಳಿತು. ಅದರ ಸ್ಥಾನಕ್ಕೆ 2021ರ ಒಳನಾಡು ನೌಕೆಗಳ ಅಧಿನಿಯಮ ಬಂದಿದೆ. ದೋಣಿಯ ನೋಂದಣಿ, ತಪಾಸಣೆ, ಪರವಾನಗಿಗಳು 1996ರ ಅಧಿನಿಯಮದಿಂದ ಹುಟ್ಟಿದ ಮಹಾರಾಷ್ಟ್ರ ಮೇರಿಟೈಮ್ ಬೋರ್ಡಿನ ಪಾಲಿಗೆ. ಬಂದರಿನ ಜಲಸೀಮೆ ಮುಂಬಯಿ ಬಂದರು ಪ್ರಾಧಿಕಾರದ ಪಾಲಿಗೆ. ದಡದ ಕಾವಲು ಪೋಲೀಸರ ಪಾಲಿಗೆ. ಆಚೆಯ ಸಮುದ್ರ ಕರಾವಳಿ ರಕ್ಷಣಾದಳದ ಪಾಲಿಗೆ. ಪಾಲುದಾರರು ಹೆಚ್ಚಾದ ಹೊಲದಲ್ಲಿ ಕಳೆ ಕೀಳುವವರು ಕಡಿಮೆ.

ಸರಕಾರವು ನೀರಿನ ಮೇಲೆ ಹಣವನ್ನೇ ಹಾಕುವುದಿಲ್ಲವೆಂದಲ್ಲ. ಘಾರಾಪುರಿಗೆ 2018ರ ಫೆಬ್ರವರಿಯಲ್ಲಿ ಸಮುದ್ರದಡಿಯ ಏಳೂವರೆ ಕಿಲೋಮೀಟರಿನ ತಂತಿಯ ಮೂಲಕ ವಿದ್ಯುತ್ತು ಬಂದಿತು. ಅದಕ್ಕೆ ತಗುಲಿದ ವೆಚ್ಚ 25 ಕೋಟಿ. ಗೇಟ್‌ವೇಯ ನೂಕುನುಗ್ಗಲನ್ನು ತಗ್ಗಿಸಲೆಂದು ಸಮೀಪದ ರೇಡಿಯೋ ಕ್ಲಬ್ಬಿನ ಬಳಿ ಕೈಗೊಂಡ ಹೊಸ ಜೆಟ್ಟಿಯ ಅಂದಾಜು ಸುಮಾರು 229 ಕೋಟಿ; ಕೊಲಾಬಾದ ನಿವಾಸಿಗಳ ವಿರೋಧದಿಂದ ಅದು ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಇವೆರಡೂ ಒಳ್ಳೆಯ ಕೆಲಸಗಳೇ ಇರಬಹುದು. ಇವು ಬಂಡವಾಳ ವೆಚ್ಚಗಳು. ಶಂಕುಸ್ಥಾಪನೆಗೆ ಕಲ್ಲುಂಟು, ಉದ್ಘಾಟನೆಗೆ ಪಟ್ಟಿಯುಂಟು, ಪತ್ರಿಕೆಗೆ ಚಿತ್ರವುಂಟು. ಸುರಕ್ಷತೆಯೆಂಬುದಾದರೋ ರಾಜಸ್ವ ವೆಚ್ಚ: ತಪಾಸಣಾಧಿಕಾರಿಯ ಸಂಬಳ, ಗಸ್ತುದೋಣಿಯ ಡೀಸೆಲು, ಖಲಾಸಿಗಳ ತರಬೇತಿ, ಹಳೆಯ ತೇಲಂಗಿಗಳನ್ನು ತೆಗೆದು ಹೊಸತನ್ನಿಡುವ ಖರ್ಚು. ಇದು ವರ್ಷ ವರ್ಷವೂ ಮರಳಿ ಬರುವಂಥದು. ಸಫಲವಾದರೆ ಏನೂ ನಡೆಯದಿರುವುದೇ ಅದರ ಫಲ. ಏನೂ ನಡೆಯದ ವರ್ಷಕ್ಕೆ ಹಣ ಕೇಳಲು ಹೋದ ಅಧಿಕಾರಿಯ ಪಾಡು ಖಜಾನೆಯ ಬಾಗಿಲು ಕಂಡವರಿಗೆ ಗೊತ್ತು.

ಆ ಸಣ್ಣ ವೆಚ್ಚದ ಬೆಲೆಗೆ ಉದಾಹರಣೆ ದೂರ ಹುಡುಕಬೇಕಾದ್ದಿಲ್ಲ. 2020ರ ಮಾರ್ಚ್ 14ರಂದು ಗೇಟ್‌ವೇಯಿಂದ ಹೊರಟ ‘ಅಜಂತಾ’ ದೋಣಿ ಮಾಂಡವಾ ಹತ್ತಿರ ಅಪಾಯಕ್ಕೆ ಸಿಕ್ಕಿತು. ಅದರಲ್ಲಿದ್ದ 88 ಮಂದಿಯೂ ಉಳಿದರು. ಕಾರಣ, ರಾಯಗಡ ಪೋಲೀಸರ ಗಸ್ತುದೋಣಿಯೊಂದು ಹತ್ತಿರದಲ್ಲಿತ್ತು. ಆ ದಿನದ ಗಸ್ತಿನ ಇಂಧನವೆಷ್ಟು ಖರ್ಚಾಗಿದ್ದೀತು? ಯಾವ ಪರಿಹಾರನಿಧಿಯೂ ಬಾಯಿ ತೆರೆಯಬೇಕಾಗಲಿಲ್ಲ.

ಕರ್ನಾಟಕದ ಅನುಭವವೂ ಭಿನ್ನವಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹದೇವರ ಜಾತ್ರೆಗೆ ಹೋಗಿಬಂದವರ ದೋಣಿ ಮಗುಚಿ ಹದಿನಾರು ಮಂದಿ ಸತ್ತರು. ಬಹುತೇಕರು ಬಯಲುಸೀಮೆಯಿಂದ ಕಡಲು ನೋಡಲೆಂದು ಬಂದವರು. ಜಾತ್ರೆಯ ದಿನ ನೂರಾರು ಜನ ನೀರು ದಾಟುವರೆಂಬುದು ಪಂಚಾಂಗದಲ್ಲೇ ಬರೆದಿರುವ ಸಂಗತಿ. ಅನಿರೀಕ್ಷಿತವೆನ್ನುವ ಹಾಗಿಲ್ಲ. ದೋಣಿ ಖಾಸಗಿಯವರದಾದ್ದರಿಂದಲೇ ಹೀಗಾಗುತ್ತದೆಂದೂ ಹೇಳಲು ಬಾರದು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಸರೋವರದಲ್ಲಿ 45 ಮಂದಿಯೊಡನೆ ಮುಳುಗಿದ ‘ಜಲಕನ್ಯಕಾ’ ಕೇರಳ ಸರಕಾರದ ಪ್ರವಾಸೋದ್ಯಮ ನಿಗಮದ್ದೇ ಆಗಿತ್ತು.

ಇತರ ದೇಶಗಳು ಈ ಖರ್ಚನ್ನು ಹೇಗೆ ತೂಗಿಸಿವೆ ಎಂದು ನೋಡುವುದು ಉಪಯುಕ್ತ. ಇಂಗ್ಲೆಂಡಿನಲ್ಲಿ 1824ರಲ್ಲಿ ಸ್ಥಾಪಿತವಾದ ಜೀವರಕ್ಷಕ ದೋಣಿಗಳ ಸಂಸ್ಥೆ ಇಂದಿಗೂ ಮುಖ್ಯವಾಗಿ ಸಾರ್ವಜನಿಕರ ದಾನದಿಂದ, ಸ್ವಯಂಸೇವಕರ ದುಡಿಮೆಯಿಂದ ನಡೆಯುತ್ತದೆ. ಇನ್ನೂರು ವರ್ಷದ ಆ ಪರಂಪರೆಯನ್ನು ಬೇರೆ ನೆಲದಲ್ಲಿ ನೆಡುವುದು ಸುಲಭವಲ್ಲ.

ಅಮೆರಿಕದ ಕ್ರಮ ಹೆಚ್ಚು ವಿಚಾರಾರ್ಹ. ಅಲ್ಲಿ 1971ರ ದೋಣಿ ಸುರಕ್ಷತಾ ಕಾನೂನು, ದೋಣಿ ತಯಾರಿಕೆಗೆ ರಾಷ್ಟ್ರೀಯ ಮಾನದಂಡಗಳನ್ನು ವಿಧಿಸಿತಲ್ಲದೆ, ಸುರಕ್ಷತಾ ಕಾರ್ಯಕ್ರಮಗಳಿಗಾಗಿ ಸಂಸ್ಥಾನಗಳಿಗೆ ಕೇಂದ್ರದ ಸಹಾಯಧನವನ್ನೂ ಕಲ್ಪಿಸಿತು. 1984ರ ತಿದ್ದುಪಡಿಯಿಂದ ಈ ಹಣಕ್ಕೆ ಸ್ಥಿರವಾದ ಮೂಲವೊಂದು ಒದಗಿತು. ಯಂತ್ರದೋಣಿಗಳು ಸುಡುವ ಇಂಧನದ ಮೇಲಿನ ತೆರಿಗೆ, ಮೀನು ಹಿಡಿಯುವ ಸಲಕರಣೆಗಳ ಮೇಲಿನ ತೆರಿಗೆ ಮೊದಲಾದುವು ಸಾಮಾನ್ಯ ಬೊಕ್ಕಸದಲ್ಲಿ ಕರಗಿಹೋಗದೆ ಪ್ರತ್ಯೇಕ ನಿಧಿಗೆ ಸೇರುತ್ತವೆ. ಅದರಲ್ಲೊಂದು ಪಾಲು ಕೋಸ್ಟ್ ಗಾರ್ಡಿನ ಮೂಲಕ ಸಂಸ್ಥಾನಗಳಿಗೆ ಹೋಗುತ್ತದೆ. ಸಂಸ್ಥಾನವೂ ತನ್ನ ಪಾಲನ್ನು ಹಾಕಬೇಕು, ಕಾರ್ಯಕ್ರಮದ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೇಂದ್ರ ಭರಿಸದು. ವಿಹಾರದ ಸುಖವನ್ನು ಉಣ್ಣುವವನೇ ಅದರ ಕಾವಲಿಗೆ ಕಾಸು ಕೊಡುವ ಏರ್ಪಾಡು. 1970ರ ದಶಕದ ಆರಂಭದಲ್ಲಿ ಅಲ್ಲಿ ನೋಂದಾಯಿತ ದೋಣಿಗಳ ಲಕ್ಷಕ್ಕೆ ಇಪ್ಪತ್ತರ ಆಸುಪಾಸಿನಲ್ಲಿದ್ದ ವಾರ್ಷಿಕ ಸಾವು 2023ರಲ್ಲಿ ಐದರ ಆಸುಪಾಸಿಗೆ ಇಳಿದಿದೆ. ಈ ಇಳಿಕೆಯೆಲ್ಲ ಸಹಾಯಧನದ ಪುಣ್ಯವೆಂದು ಹೇಳುವುದು ಅತಿಮಾತಾದೀತು: ದೋಣಿಗಳ ಕಟ್ಟಣೆ ಸುಧಾರಿಸಿದೆ, ಹವಾಮಾನದ ಮುನ್ಸೂಚನೆ ಸುಧಾರಿಸಿದೆ. ಮುಳುಗಿ ಸತ್ತವರಲ್ಲಿ ಬಹುಪಾಲು ತೇಲಂಗಿ ತೊಡದವರೇ ಎಂಬುದು ಮಾತ್ರ ಆ ದೇಶದ ವಾರ್ಷಿಕ ವರದಿಗಳಲ್ಲಿ ಬದಲಾಗದೆ ಉಳಿದಿರುವ ಸಾಲು.

ಬಳಸುವವನಿಂದಲೇ ವಸೂಲು ಮಾಡುವ ತತ್ತ್ವ ಭಾರತಕ್ಕೆ ಅಪರಿಚಿತವೇನೂ ಅಲ್ಲ. 1927ರ ದೀಪಸ್ತಂಭ ಕಾನೂನಿನಂತೆ ಬಂದರಿಗೆ ಬರುವ ಹಡಗುಗಳಿಂದ ‘ದೀಪಶುಲ್ಕ’ ಎತ್ತಿ, ಆ ಹಣದಿಂದ ದೀಪಸ್ತಂಭಗಳನ್ನು ಉರಿಸಿದುದುಂಟು. 2021ರಲ್ಲಿ ಕಾನೂನು ಬದಲಾದರೂ ಶುಲ್ಕದ ಪದ್ಧತಿ ಉಳಿದಿದೆ. ಒಳನಾಡು ನೌಕೆಗಳ 2021ರ ಅಧಿನಿಯಮದಲ್ಲಿಯೂ ರಾಜ್ಯ ಸರಕಾರ ಒಂದು ಅಭಿವೃದ್ಧಿನಿಧಿಯನ್ನು ಸ್ಥಾಪಿಸಿ, ಅದನ್ನು ತುರ್ತು ಸನ್ನದ್ಧತೆಗೂ ಮಾಲಿನ್ಯ ತಡೆಗೂ ಬಳಸಬೇಕೆಂಬ ವಿಧಿಯಿದೆ. ಹೊಸ ಕಾನೂನು ನೌಕೆಗಳಿಗೆ ವಿಮೆಯನ್ನು ಕಡ್ಡಾಯಮಾಡಿದೆ. ತರಬೇತಿಗೆ ಸಂಸ್ಥೆಯಿಲ್ಲವೆನ್ನುವಂತೆಯೂ ಇಲ್ಲ. ಗೋವೆಯಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ 1990ರಿಂದ ನಡೆದುಬಂದಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲಿ ದೋಣಿ ಸುರಕ್ಷತೆಯ ಮಾರ್ಗಸೂಚಿಗಳನ್ನೇ ಪ್ರಕಟಿಸಿದೆ. ಮಾರ್ಗಸೂಚಿಗೆ ಸ್ವಂತದ ಹಣದ ಚೀಲವಿಲ್ಲ, ಅದೇ ಅದರ ಕೊರತೆ.

ಆ ಚೀಲ ಎಷ್ಟು ದೊಡ್ಡದಿರಬೇಕು? ಊಹೆಯ ಲೆಕ್ಕವೊಂದನ್ನು ಮಾಡಬಹುದು. 84 ಜನರ ದೋಣಿಯೊಂದು ದಿನಕ್ಕೆ ಎರಡು ಸುತ್ತಿನಂತೆ ವರ್ಷಕ್ಕೆ ಇನ್ನೂರು ದಿನ ತುಂಬಿ ಓಡಿತೆನ್ನೋಣ. ಮಳೆಗಾಲದ ತಿಂಗಳುಗಳನ್ನು ಬಿಟ್ಟರೆ ಇದು ಅತಿಯಾದ ಎಣಿಕೆಯಲ್ಲ. ಹೋಗಿಬರುವ ಟಿಕೆಟೊಂದಕ್ಕೆ ಎರಡು ರೂಪಾಯಿಯ ಸುರಕ್ಷತಾ ಶುಲ್ಕವಿದ್ದರೆ ವರ್ಷಕ್ಕೆ 67,200 ರೂಪಾಯಿ. ಸಾವಿರದ ದರದಲ್ಲಿ ಆ ದೋಣಿಯ ಎಲ್ಲ 84 ತೇಲಂಗಿಗಳ ಬೆಲೆ ಒಂದೂಕಾಲು ವರ್ಷದಲ್ಲಿ ಹುಟ್ಟಿಬಿಡುತ್ತದೆ. ಅಲ್ಲಿಂದ ಮುಂದಿನ ವಸೂಲಿ ಗಸ್ತಿಗೆ, ತಪಾಸಣೆಗೆ, ಪ್ರತಿ ದೋಣಿಗೊಂದು ನಿಸ್ತಂತು ಯಂತ್ರಕ್ಕೆ. ತುಂಬಿ ಓಡದೆ ಅರ್ಧಕ್ಕರ್ಧ ಓಡಿದರೂ ಎರಡೂವರೆ ವರ್ಷದ ಮಾತು. ಶುಲ್ಕದಿಂದ ಇನ್ನೊಂದು ಪ್ರಯೋಜನವೂ ಉಂಟು, ಇದೇ ಹೆಚ್ಚಿನದೆನ್ನಬೇಕು. ಟಿಕೆಟಿನೊಡನೆ ಶುಲ್ಕದ ರಸೀತಿ ಬಂದರೆ ಎಷ್ಟು ಮಂದಿ ದೋಣಿ ಹತ್ತಿದರೆಂಬುದಕ್ಕೆ ದಡದಲ್ಲೊಂದು ಲೆಕ್ಕ ಉಳಿಯುತ್ತದೆ. 84ರ ದೋಣಿಗೆ ನೂರನೆಯ ರಸೀತಿ ಹರಿದಾಗ ಕೇಳುವವನೊಬ್ಬನು ಇರುತ್ತಾನೆ.

ಆದರೆ ಶುಲ್ಕವು ಪ್ರತ್ಯೇಕ ಖಾತೆಯಲ್ಲಿ ನಿಲ್ಲಬೇಕು. ಸಾಮಾನ್ಯ ಬೊಕ್ಕಸಕ್ಕೆ ಸೇರಿದ ದುಡ್ಡು ಮುಂದಿನ ಜೆಟ್ಟಿಯ ಶಂಕುಸ್ಥಾಪನೆಗೆ ಹೋಗದೆಂದು ಯಾರೂ ಜಾಮೀನು ನಿಲ್ಲಲಾರರು. ಪ್ರತಿವರ್ಷ ಬಂದ ಹಣವೆಷ್ಟು, ಹೋದ ಹಣವೆಷ್ಟು, ತಪಾಸಣೆಯಾದ ದೋಣಿಗಳೆಷ್ಟು, ತಡೆಹಿಡಿದವೆಷ್ಟು ಎಂಬ ನಾಲ್ಕು ಅಂಕಿಗಳ ಹಲಗೆಯೊಂದನ್ನು ಗೇಟ್‌ವೇಯ ಟಿಕೆಟು ಕಟ್ಟೆಯ ಮೇಲೆ ತೂಗುಹಾಕಲು ಯಾವ ಹೊಸ ಕಾನೂನೂ ಬೇಕಾಗದು.

ವಸೂಲಿಯ ತೊಡಕನ್ನು ಮುಂದೊಡ್ಡುವವರಿಗೆ ಉತ್ತರ ಘಾರಾಪುರಿಯ ದಡದಲ್ಲೇ ಇದೆ. ಶೇತಬಂದರ, ಮೋರಾಬಂದರ, ರಾಜಬಂದರ ಎಂಬ ಮೂರು ಪುಟ್ಟ ವಸತಿಗಳ ಗ್ರಾಮಪಂಚಾಯತಿಯು, ದೋಣಿಯಿಳಿದು ಬರುವ ಪ್ರವಾಸಿಗರಿಂದ ತಲೆಗೆ ಕೆಲವೇ ರೂಪಾಯಿಗಳ ಕರವನ್ನು, ಒಂದು ಮೇಜು ಹಾಕಿಕೊಂಡು, ರಸೀತಿ ಹರಿದುಕೊಟ್ಟು, ಬಹುಕಾಲದಿಂದ ವಸೂಲು ಮಾಡುತ್ತ ಬಂದಿದೆ.