ಸ್ವಯಂ ಪ್ರಕಾಶನ

ಸ್ವಯಂ ಪ್ರಕಾಶನ ಎಂದರೆ ಲೇಖಕರು ಪ್ರಕಾಶನ ಸಂಸ್ಥೆಯನ್ನು ಅವಲಂಬಿಸದೆ, ಸ್ವಂತ ಖರ್ಚು ಮತ್ತು ಹೊಣೆಗಾರಿಕೆಯಲ್ಲಿ ತಮ್ಮ ಕೃತಿಯನ್ನು ಪ್ರಕಟಿಸುವ ಪದ್ಧತಿ. ಸಂಪಾದನೆ, ಕರಡು ತಿದ್ದುವಿಕೆ, ಪುಟವಿನ್ಯಾಸ, ಮುದ್ರಣ, ಬೆಲೆ ನಿಗದಿ ಮತ್ತು ಮಾರಾಟದ ಕೆಲಸಗಳನ್ನು ಲೇಖಕರು ತಾವೇ ಮಾಡುತ್ತಾರೆ ಅಥವಾ ಹಣ ಕೊಟ್ಟು ಮಾಡಿಸುತ್ತಾರೆ. ಲಾಭ ಮತ್ತು ನಷ್ಟಗಳೆರಡೂ ಅವರಿಗೇ ಸೇರುತ್ತವೆ. ಹಸ್ತಪ್ರತಿಯು ಪ್ರಕಾಶಕರಿಂದ ಪದೇ ಪದೇ ತಿರಸ್ಕೃತವಾದಾಗ ಲೇಖಕರು ಈ ಮಾರ್ಗವನ್ನು ಪರಿಶೀಲಿಸುವುದು ಸಾಮಾನ್ಯ.

ತಿರಸ್ಕಾರ ಮತ್ತು ಸ್ವಯಂ ಪ್ರಕಾಶನ

ಪ್ರಕಾಶಕರು ಹಸ್ತಪ್ರತಿಯನ್ನು ನಿರಾಕರಿಸಲು ಅದರ ಗುಣಮಟ್ಟವೊಂದೇ ಕಾರಣವಲ್ಲ. ಬಂಡವಾಳದ ಮಿತಿ, ಮಾರುಕಟ್ಟೆಯ ಅಂದಾಜು, ಸಂಸ್ಥೆಯ ಅಭಿರುಚಿ ಮತ್ತು ಪುಸ್ತಕದ ಆಕಾರವೂ ಕಾರಣವಾಗಬಹುದು. ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ತಮ್ಮ ಪೀಟರ್ ಎಂಬ ಮೊಲದ ಕಥೆಯನ್ನು ಹಲವು ಪ್ರಕಾಶಕರು ನಿರಾಕರಿಸಿದಾಗ, 1901ರ ಡಿಸೆಂಬರ್‌ನಲ್ಲಿ ಸ್ವಂತ ಖರ್ಚಿನಲ್ಲಿ 250 ಪ್ರತಿಗಳನ್ನು ಅಚ್ಚು ಹಾಕಿಸಿದರು. ಮೊದಲು ನಿರಾಕರಿಸಿದ್ದ ಫ್ರೆಡರಿಕ್ ವಾರ್ನ್ ಸಂಸ್ಥೆಯೇ 1902ರಲ್ಲಿ ಅದನ್ನು ವರ್ಣಚಿತ್ರಗಳೊಂದಿಗೆ ಪ್ರಕಟಿಸಿತು. ಭಾರತದಲ್ಲಿ ಅಮೀಶ್ ತ್ರಿಪಾಠಿ ಅವರ ‘ದಿ ಇಮ್ಮಾರ್ಟಲ್ಸ್ ಆಫ್ ಮೆಲುಹಾ’ ಕಾದಂಬರಿಯು ಹಲವು ಪ್ರಕಾಶಕರ ನಿರಾಕರಣೆಯ ಬಳಿಕ, 2010ರಲ್ಲಿ ಸಾಹಿತ್ಯ ಪ್ರತಿನಿಧಿಯ ನೆರವಿನಿಂದ ಹೊರಬಂದಿತು. ಪ್ರಚಾರಕ್ಕಾಗಿ ಅದರ ಮೊದಲ ಅಧ್ಯಾಯವನ್ನು ಪುಸ್ತಕದಂಗಡಿಗಳಲ್ಲಿ ಉಚಿತವಾಗಿ ಹಂಚಲಾಯಿತು.

ಇದಕ್ಕೆ ವಿರುದ್ಧವಾದ ನಿದರ್ಶನಗಳೂ ಇವೆ. ಅಮೆರಿಕದ ಹೆನ್ರಿ ಡೇವಿಡ್ ಥೋರೊ ಅವರ ಮೊದಲ ಪುಸ್ತಕವು 1849ರಲ್ಲಿ ಅವರದೇ ಖರ್ಚಿನಲ್ಲಿ 1,000 ಪ್ರತಿಗಳಾಗಿ ಅಚ್ಚಾಯಿತು. 1853ರಲ್ಲಿ 706 ಪ್ರತಿಗಳು ಮಾರಾಟವಾಗದೆ ಅವರ ಮನೆಗೆ ಮರಳಿದವು. ಮುಂದೆ ಅವರು ಜಗದ್ವಿಖ್ಯಾತ ಲೇಖಕರಾದರೂ ಆ ಪುಸ್ತಕದ ಸಾಲವನ್ನು ಸ್ವತಃ ತೀರಿಸಬೇಕಾಯಿತು. ಹೀಗೆ, ತಿರಸ್ಕಾರವು ಕೃತಿಯ ದೋಷಕ್ಕೆ ಸಾಕ್ಷಿಯಲ್ಲ. ಸ್ವಯಂ ಪ್ರಕಾಶನವು ಓದುಗರು ದೊರೆಯುವರೆಂಬ ಭರವಸೆಯೂ ಅಲ್ಲ.

ಕನ್ನಡದಲ್ಲಿ

ಕನ್ನಡದಲ್ಲಿ ಲೇಖಕರೇ ಪ್ರಕಾಶಕರಾಗುವುದು ಹಳೆಯ ರೂಢಿ. ಪ್ರಕಾಶನೋದ್ಯಮವು ಬೆಳೆಯುವ ಮೊದಲು ಇದು ಹಲವರಿಗೆ ಅನಿವಾರ್ಯವೂ ಆಗಿತ್ತು. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ (1887–1982) ಅವರು ‘ಸತೀ ಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ, 1913ರಲ್ಲಿ ತಮ್ಮ ‘ಸುಶೀಲೆ’ ಕಾದಂಬರಿಯನ್ನು ಪ್ರಕಟಿಸಿದರು. ಗಳಗನಾಥರು ತಮ್ಮ ಕಾದಂಬರಿಗಳನ್ನು ಊರೂರಿಗೆ ಹೊತ್ತು ಮಾರಿದರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಕೃತಿಗಳು ಅವರದೇ ‘ಜೀವನ ಕಾರ್ಯಾಲಯ’ದಿಂದಲೂ, ಕುವೆಂಪು ಅವರ ಕೃತಿಗಳು ಅವರ ಮನೆಯ ಹೆಸರನ್ನೇ ಹೊತ್ತ ಮೈಸೂರಿನ ‘ಉದಯರವಿ ಪ್ರಕಾಶನ’ದಿಂದಲೂ ಹೊರಬಂದವು.

ವಿಧಾನಗಳು

ಸಾಂಪ್ರದಾಯಿಕ ಮುದ್ರಣದಲ್ಲಿ ಲೇಖಕರು ಒಮ್ಮೆಗೆ ನಿಗದಿತ ಸಂಖ್ಯೆಯ ಪ್ರತಿಗಳನ್ನು ಅಚ್ಚು ಹಾಕಿಸುತ್ತಾರೆ. ಪ್ರತಿಗಳ ಸಂಖ್ಯೆ ಹೆಚ್ಚಿದಂತೆ ತಲಾ ವೆಚ್ಚ ಇಳಿಯುತ್ತದೆ. ಮಾರಾಟವಾಗದೆ ಉಳಿಯುವ ಅಪಾಯ ಏರುತ್ತದೆ. ಬೇಡಿಕೆಯಾನುಸಾರ ಮುದ್ರಣದಲ್ಲಿ ಬೇಡಿಕೆ ಬಂದಷ್ಟೇ ಪ್ರತಿಗಳು ಅಚ್ಚಾಗುವುದರಿಂದ ದಾಸ್ತಾನಿನ ಅಗತ್ಯವಿಲ್ಲ, ಆದರೆ ಪ್ರತಿಯೊಂದರ ವೆಚ್ಚ ಹೆಚ್ಚು. ಬೆಂಗಳೂರಿನ ಪೋಥಿ ಡಾಟ್ ಕಾಮ್ ಸಂಸ್ಥೆಯು 2008ರಿಂದ ಈ ಸೇವೆ ನೀಡುತ್ತಿದೆ. ಮೂರನೆಯದಾದ ಇ-ಪುಸ್ತಕಕ್ಕೆ ಮುದ್ರಣ ವೆಚ್ಚವಿಲ್ಲ. ಅಮೆಜಾನ್ ಸಂಸ್ಥೆಯು 2007ರಲ್ಲಿ ಕಿಂಡಲ್ ವೇದಿಕೆಯನ್ನು ಲೇಖಕರಿಗೆ ತೆರೆಯಿತು. ಆದರೆ 2016ರಲ್ಲಿ ಅದು ಆರಂಭಿಸಿದ ಭಾರತೀಯ ಭಾಷೆಗಳ ಇ-ಪುಸ್ತಕ ಮಳಿಗೆಯಲ್ಲಿ ಕನ್ನಡ ಇರಲಿಲ್ಲ.

ಕಾನೂನು ಮತ್ತು ನೆರವು

ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಕೃತಿ ರಚನೆಯಾದೊಡನೆ ಹಕ್ಕು ಲೇಖಕರಿಗೆ ಲಭಿಸುತ್ತದೆ, ನೋಂದಣಿ ಕಡ್ಡಾಯವಲ್ಲ. ಲೇಖಕರ ಜೀವಿತಾವಧಿಯಲ್ಲಿ ಪ್ರಕಟವಾದ ಸಾಹಿತ್ಯ ಕೃತಿಯ ಹಕ್ಕು ಅವರ ಮರಣಾನಂತರ 60 ವರ್ಷಗಳವರೆಗೆ ಇರುತ್ತದೆ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯು ಉಚಿತವಾಗಿ ನೀಡುತ್ತದೆ. ಲೇಖಕರು ನೇರವಾಗಿಯೇ ಅರ್ಜಿ ಸಲ್ಲಿಸಬಹುದು. 1954ರ ಕಾಯಿದೆಯ ಪ್ರಕಾರ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ನಿಗದಿತ ಇತರ ಗ್ರಂಥಾಲಯಗಳಿಗೂ ಪುಸ್ತಕದ ಪ್ರತಿ ಸಲ್ಲಿಸುವ ಹೊಣೆ ಪ್ರಕಾಶಕರದು. ಇಲ್ಲಿ ಲೇಖಕರೇ ಪ್ರಕಾಶಕರು. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನದ ಯೋಜನೆಯನ್ನು ನಡೆಸಿದೆ.

ಮಿತಿಗಳು

ಪ್ರಕಾಶಕರನ್ನು ಕೈಬಿಟ್ಟ ಮಾತ್ರಕ್ಕೆ ಪ್ರಕಾಶಕರ ಕೆಲಸಗಳು ಇಲ್ಲವಾಗುವುದಿಲ್ಲ. ಅನ್ಯರ ಕಣ್ಣಿಗೆ ಬೀಳದ ಹಸ್ತಪ್ರತಿಯಲ್ಲಿ ದೋಷಗಳು ಉಳಿಯುತ್ತವೆ. ಅಂಗಡಿಗಳಿಗೆ ರಿಯಾಯಿತಿ ನೀಡಿ, ಪ್ರತಿಗಳನ್ನು ತಲುಪಿಸಿ, ಹಣ ವಸೂಲು ಮಾಡುವುದು ಒಬ್ಬ ವ್ಯಕ್ತಿಗೆ ಕಷ್ಟದ ಕೆಲಸ.

ತಿರಸ್ಕಾರದಿಂದ ನೊಂದ ಲೇಖಕರನ್ನೇ ಗ್ರಾಹಕರನ್ನಾಗಿಸಿಕೊಂಡ ಸಂಸ್ಥೆಗಳೂ ಇವೆ. ಅವು ಯಾವ ಹಸ್ತಪ್ರತಿಯನ್ನೂ ನಿರಾಕರಿಸದೆ ಹೊಗಳಿ, ದೊಡ್ಡ ಮೊತ್ತ ಪಡೆಯುತ್ತವೆ. ಅವುಗಳ ಆದಾಯ ಓದುಗರಿಂದಲ್ಲ, ಲೇಖಕರಿಂದ ಬರುತ್ತದೆ. ಇಂತಹ ಒಪ್ಪಂದಗಳಲ್ಲಿ ಹಕ್ಕುಗಳ ವರ್ಗಾವಣೆ, ಕಡ್ಡಾಯವಾಗಿ ಕೊಳ್ಳಬೇಕಾದ ಪ್ರತಿಗಳು ಮತ್ತು ಒಪ್ಪಂದವನ್ನು ಕೊನೆಗೊಳಿಸುವ ನಿಯಮಗಳು ಮುಖ್ಯವಾದವು. ನಿಜವಾದ ಸ್ವಯಂ ಪ್ರಕಾಶನದಲ್ಲಿ ಲೇಖಕರು ಸೇವೆಗೆ ಹಣ ತೆರುತ್ತಾರೆ. ಕೃತಿಯ ಹಕ್ಕು ಮತ್ತು ನಿರ್ಧಾರಗಳು ಅವರಲ್ಲಿಯೇ ಉಳಿಯುತ್ತವೆ.