ಚಲಾವಣೆಯ ಹಣವೂ ದೇಶದ ಸ್ಥಿತಿಯೂ

ಒಂದು ಮನೆಯ ಸ್ಥಿತಿಯನ್ನು ಅರಿಯಬೇಕಾದರೆ ಕಣಜದಲ್ಲಿ ಎಷ್ಟು ಧಾನ್ಯವಿದೆಯೆಂದು ನೋಡಿದರೆ ಮಾತ್ರ ಸಾಲದು. ಉಣ್ಣುವವರು ಎಷ್ಟು ಮಂದಿ, ಧಾನ್ಯವು ಎಷ್ಟು ಬೇಗನೆ ವೆಚ್ಚವಾಗುತ್ತಿದೆ ಎಂಬುದನ್ನೂ ವಿಚಾರಿಸಬೇಕು. ದೇಶದ ಹಣದ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುವುದು. ಹಣದ ಲೆಕ್ಕವೆಂದರೆ ಗಂಡಸರ ಕೆಲಸವೆಂದು ನಮ್ಮ ಹೆಣ್ಣುಮಕ್ಕಳು ಸುಮ್ಮನಿರುವುದುಂಟು. ಅದು ಸರಿಯಲ್ಲವೆಂಬುದನ್ನು ತೋರಿಸುವುದಕ್ಕಾಗಿ ಈ ವಿಷಯವನ್ನು ಇಲ್ಲಿ ವಿವರಿಸುತ್ತೇವೆ.

ನಮ್ಮ ದೇಶದ ಹಣದ ಲೆಕ್ಕವನ್ನು ಪ್ರಕಟಿಸತಕ್ಕದ್ದು ೧೯೩೫ರಲ್ಲಿ ಸ್ಥಾಪಿತವಾದ ರಿಸರ್ವ್ ಬ್ಯಾಂಕು. ಜನರ ಕೈಯಲ್ಲಿರುವ ನೋಟು ನಾಣ್ಯಗಳು, ಬ್ಯಾಂಕುಗಳಲ್ಲಿ ಕೇಳಿದೊಡನೆ ದೊರೆಯುವ ಠೇವಣಿಗಳು, ರಿಸರ್ವ್ ಬ್ಯಾಂಕಿನಲ್ಲಿರುವ ಇತರ ಕೆಲವು ಠೇವಣಿಗಳು, ಈ ಮೂರೂ ಕೂಡಿದರೆ ಅದು ಸಂಕುಚಿತ ಹಣ. ಇದರ ಸಂಕೇತವು ಎಂ-೧. ಇದಕ್ಕೆ ಬ್ಯಾಂಕುಗಳ ವಾಯಿದೆ ಠೇವಣಿಗಳನ್ನು ಸೇರಿಸಿದರೆ ಎಂ-೩ ಎಂಬ ವಿಸ್ತೃತ ಹಣವಾಗುವುದು. ಬ್ಯಾಂಕಿನ ತಿಜೋರಿಯೊಳಗಿರುವ ನೋಟುಗಳು ಜನರ ಕೈಯ ಹಣದ ಲೆಕ್ಕಕ್ಕೆ ಬಾರವು.

ಅಂಗಡಿಯವನೊಬ್ಬನು ಸಾವಿರ ರೂಪಾಯಿಗಳನ್ನು ಚಾಲ್ತಿ ಖಾತೆಗೆ ಕಟ್ಟಿದನೆಂದು ಭಾವಿಸೋಣ. ನಗದು ಸಾವಿರದಷ್ಟು ಇಳಿದರೂ ಠೇವಣಿಯು ಅಷ್ಟೇ ಏರುವುದರಿಂದ ಸಂಕುಚಿತ ಹಣವು ಇದ್ದಷ್ಟೇ ಇರುವುದು. ಅದನ್ನೇ ಅವನು ಒಂದು ವರ್ಷದ ವಾಯಿದೆಗೆ ಇಟ್ಟರೆ ಎಂ-೧ ಇಳಿಯುವುದು, ಎಂ-೩ ಇಳಿಯದು. ಹಣವು ನಾಶವಾಗಲಿಲ್ಲ; ಒಡನೆಯೇ ವೆಚ್ಚಕ್ಕೆ ಒದಗುವ ಗುಣವನ್ನು ಮಾತ್ರ ಕಳೆದುಕೊಂಡಿತು. ಆದುದರಿಂದ ಸಂಕುಚಿತ ಹಣವು ವ್ಯಾಪಾರದ ಚುರುಕನ್ನು ತಿಳಿಸುವ ಒಂದು ಸೂಚಿಯಾಗಿದೆ. ಸರಕುಗಳು ಹೆಚ್ಚದೆ ಹಣವೊಂದೇ ಹೆಚ್ಚುತ್ತ ಹೋದರೆ ಬೆಲೆಯೇರಿಕೆಯ ಭಯವನ್ನೂ ಅದು ಸೂಚಿಸುವುದು.

ಆದರೆ ಈ ಸೂಚಿಯು ಎಷ್ಟೆಂಬುದನ್ನು ಹೇಳುವುದೇ ಹೊರತು ಏಕೆಂಬುದನ್ನು ಹೇಳದು. ದೇಶದ ವಾರ್ಷಿಕ ಉತ್ಪನ್ನದೊಡನೆ ಹೋಲಿಸಿದರೆ, ೨೦೧೬ಕ್ಕೆ ಮುಂಚೆ ಚಲಾವಣೆಯ ನಗದು ನೂರಕ್ಕೆ ಸುಮಾರು ೧೨ರಷ್ಟಿತ್ತು. ಆ ವರ್ಷದ ನವೆಂಬರ್ ೮ರ ರಾತ್ರಿ ೫೦೦ ಮತ್ತು ೧೦೦೦ ರೂಪಾಯಿಗಳ ಹಳೆಯ ನೋಟುಗಳನ್ನು ಸರಕಾರವು ರದ್ದುಪಡಿಸಿತು. ೨೦೧೭ರ ಮಾರ್ಚಿನಲ್ಲಿ ಆ ಪ್ರಮಾಣವು ೯ಕ್ಕಿಂತ ಕೆಳಗಿತ್ತು. ಜನರು ನಗದನ್ನು ತಾವಾಗಿ ಬಿಟ್ಟುಕೊಟ್ಟದ್ದರಿಂದ ಆದ ಇಳಿತವಲ್ಲ ಇದು. ರದ್ದಾದ ೧೫.೪೧ ಲಕ್ಷ ಕೋಟಿ ರೂಪಾಯಿಗಳ ನೋಟುಗಳಲ್ಲಿ ೧೫.೩೧ ಲಕ್ಷ ಕೋಟಿಯಷ್ಟು ಬ್ಯಾಂಕುಗಳಿಗೆ ಮರಳಿ ಬಂದುವು.

೨೦೨೦-೨೧ರಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. ಕೊರೋನಾ ವ್ಯಾಧಿಯಿಂದ ಕೆಲಸಕಾರ್ಯಗಳು ನಿಂತು ದೇಶದ ಉತ್ಪನ್ನವು ಕುಗ್ಗಿತು; ಆದರೂ ಚಲಾವಣೆಯ ನೋಟುಗಳ ಮೌಲ್ಯವು ನೂರಕ್ಕೆ ೧೬.೮ರಷ್ಟು ಏರಿತು, ಮೇಲೆ ಹೇಳಿದ ಪ್ರಮಾಣವು ೧೪ನ್ನು ದಾಟಿತು. ನಾಳೆ ಏನಾಗುವುದೋ ಎಂಬ ಅಂಜಿಕೆಯಿಂದ ಜನರು ಕೈಯಲ್ಲಿ ಹಣವಿಟ್ಟುಕೊಂಡರು. ಇಲ್ಲಿ ನಗದಿನ ಏರಿಕೆಯು ಸಮೃದ್ಧಿಯ ಗುರುತಲ್ಲ, ಭಯದ ಗುರುತು. ಭಾಜ್ಯವು ಏರಿ ಭಾಜಕವು ಇಳಿದರೆ ಭಾಗಲಬ್ಧವು ಹೆಚ್ಚುವುದೆಂದು ನಮ್ಮ ಚಿಕ್ಕ ತರಗತಿಯ ಹುಡುಗಿಯರೂ ಬಲ್ಲರು.

ಈ ಸೂಚಿಯು ಯಾರ ಹಣವೆಂಬುದನ್ನೂ ಹೇಳದು. ಸಾಸಿವೆ ಡಬ್ಬಿಯಲ್ಲಿ ತಾಯಂದಿರು ಕೂಡಿಟ್ಟ ಹಣವೂ, ಸಾಹುಕಾರನ ಪೆಟ್ಟಿಗೆಯ ಹಣವೂ ಅದರ ದೃಷ್ಟಿಯಲ್ಲಿ ಒಂದೇ. ಮಕ್ಕಳ ಫೀಸಿಗೆಂದೋ, ಕಾಯಿಲೆಯ ಕಾಲಕ್ಕೆಂದೋ ಮನೆಯವರಿಗೂ ತಿಳಿಸದೆ ಉಳಿಸಿದ ಗೃಹಿಣಿಯರು ೨೦೧೬ರಲ್ಲಿ ತಮ್ಮ ಗುಟ್ಟಿನ ಗಂಟನ್ನು ಎಲ್ಲರೆದುರು ಬಿಚ್ಚಬೇಕಾಯಿತು. ಸ್ವಂತ ಖಾತೆಯಿಲ್ಲದವರು ಅದನ್ನು ಇತರರ ಖಾತೆಗೆ ಕಟ್ಟಬೇಕಾಗಿ, ಅದರ ಮೇಲಣ ಸ್ವಾತಂತ್ರ್ಯವನ್ನೇ ಕಳೆದುಕೊಳ್ಳುವ ಭಯವಿತ್ತು. ದೇಶದ ಲೆಕ್ಕದಲ್ಲಿ ನಗದಿನ ಬದಲಿಗೆ ಠೇವಣಿ. ಆ ತಾಯಿಯ ಲೆಕ್ಕದಲ್ಲಿ ತನ್ನದಾಗಿದ್ದುದು ಪರರ ವಶ.

ಆದುದರಿಂದ ನಮ್ಮ ವಿದ್ಯಾರ್ಥಿನಿಯರು ಪತ್ರಿಕೆಯಲ್ಲಿ ಹಣದ ಅಂಕಿಗಳನ್ನು ಕಂಡಾಗ, ಬೆಲೆಗಳೂ ಉತ್ಪನ್ನವೂ ಠೇವಣಿಗಳೂ ಹೇಗಿವೆಯೆಂದು ಕೂಡಿಸಿ ನೋಡಲಿ. ಪ್ರತಿಯೊಬ್ಬಳೂ ತನ್ನ ಹೆಸರಿನಲ್ಲಿ ಒಂದು ಖಾತೆಯನ್ನು ತೆರೆದು, ಅದರ ಲೆಕ್ಕವನ್ನು ತಾನೇ ಓದಲು ಕಲಿಯಲಿ ಎಂಬುದು ನಮ್ಮ ಹಾರೈಕೆ.