ಏಳುನೂರ ಹದಿನೈದನೆಯ ಹೊಡೆತ

1974ರ ಏಪ್ರಿಲ್ 8ರ ರಾತ್ರಿ. ಅಮೆರಿಕದ ಅಟ್ಲಾಂಟಾ ನಗರದ ಕ್ರೀಡಾಂಗಣದಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿದ ಜನ. ಅಲ್ ಡೌನಿಂಗ್ ಎಸೆದ ಚೆಂಡನ್ನು ನಲವತ್ತು ವರ್ಷದ ಕರಿಯ ಆಟಗಾರ ಹ್ಯಾಂಕ್ ಆರನ್ ಬೇಲಿಯಾಚೆಗೆ ಅಟ್ಟಿದರು. ಸುತ್ತು ಮುಗಿಸಿ ಬಂದವರನ್ನು ತಾಯಿ ಓಡಿ ಬಂದು ಬಿಗಿಯಾಗಿ ತಬ್ಬಿಕೊಂಡರು. ಅದು ಬರಿಯ ಸಂತೋಷದ ಅಪ್ಪುಗೆಯಲ್ಲ. ಮಗನ ಮೇಲೆ ಯಾರಾದರೂ ಗುಂಡು ಹಾರಿಸಿಯಾರೆಂಬ ಭಯವೂ ಅದರಲ್ಲಿತ್ತು.

ಒಂದು ಹೊಡೆತಕ್ಕೆ ಇಷ್ಟೊಂದು ಆತಂಕವೇಕೆ?

ಬೇಸ್‌ಬಾಲ್‌ನಲ್ಲಿ ಚೆಂಡು ನೇರವಾಗಿ ಬೇಲಿ ದಾಟಿದರೆ ಅದು ‘ಹೋಮ್ ರನ್’. ನಮ್ಮ ಕ್ರಿಕೆಟ್‌ನ ಸಿಕ್ಸರ್ ಇದ್ದಂತೆ. ಆದರೆ ಅದಕ್ಕಿಂತ ಬಹಳ ಅಪರೂಪದ್ದು. ಬಿಳಿಯರ ಆರಾಧ್ಯದೈವವಾಗಿದ್ದ ಬೇಬ್ ರೂತ್ 1935ರಲ್ಲಿ ಆಟ ಬಿಟ್ಟಾಗ ಅವರ ಹೆಸರಿನಲ್ಲಿ 714 ಹೋಮ್ ರನ್‌ಗಳಿದ್ದವು. ಆ ದಾಖಲೆಯನ್ನು ಯಾರೂ ಮುರಿಯಲಾರರೆಂದೇ ಜನ ನಂಬಿದ್ದರು. ರೂತ್ ಆಡುತ್ತಿದ್ದ ಕಾಲದಲ್ಲಿ ದೊಡ್ಡ ಲೀಗ್‌ಗಳಿಗೆ ಕರಿಯರಿಗೆ ಪ್ರವೇಶವೇ ಇರಲಿಲ್ಲ. ಆ ಬಾಗಿಲು ತೆರೆದದ್ದು 1947ರಲ್ಲಿ, ಜಾಕಿ ರಾಬಿನ್‌ಸನ್ ಅವರಿಂದ.

ಆರನ್ ಹುಟ್ಟಿದ್ದು 1934ರಲ್ಲಿ, ಅಲಬಾಮಾ ರಾಜ್ಯದ ಮೊಬೀಲ್‌ನ ಬಡ ಕುಟುಂಬದಲ್ಲಿ. ಕೋಲಿನಿಂದ ಬಾಟಲಿ ಮುಚ್ಚಳಗಳನ್ನು ಹೊಡೆದು ಕೈ ಪಳಗಿಸಿಕೊಂಡವರು. 1952ರಲ್ಲಿ ಕರಿಯರ ತಂಡವೊಂದರ ಜೊತೆ ವಾಷಿಂಗ್‌ಟನ್‌ಗೆ ಹೋಗಿದ್ದಾಗ ಹೋಟೆಲೊಂದರಲ್ಲಿ ತಿಂಡಿ ತಿಂದರು. ತಾವು ಉಂಡ ತಟ್ಟೆಗಳನ್ನು ಅಡುಗೆಮನೆಯಲ್ಲಿ ಒಡೆದು ಹಾಕುವ ಸದ್ದು ಅವರ ಕಿವಿಗೆ ಬಿತ್ತು. ಅದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

1954ರಲ್ಲಿ ಮಿಲ್ವಾಕೀ ಬ್ರೇವ್ಸ್ ತಂಡ ಸೇರಿದ ಆರನ್, ಮೈದಾನದ ಬಲ ಅಂಚನ್ನು ಕಾಯುವ ಆಟಗಾರರಾಗಿ ಹೆಸರಾದರು. 1957ರಲ್ಲಿ ತಂಡ ‘ವರ್ಲ್ಡ್ ಸೀರೀಸ್’ ಗೆದ್ದಿತು. ತಮ್ಮ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಆರನ್‌ಗೆ ಬಂತು. ಅವರದು ಅಬ್ಬರದ ಆಟವಲ್ಲ. ಯಾವ ವರ್ಷವೂ ಅವರು ಐವತ್ತು ಹೋಮ್ ರನ್ ಹೊಡೆದವರಲ್ಲ, ಹೆಚ್ಚೆಂದರೆ 47. ಆದರೆ ಹನಿಗೂಡಿ ಹಳ್ಳವೆಂಬಂತೆ ಇಪ್ಪತ್ತು ವರ್ಷ ಎಡೆಬಿಡದೆ ಕೂಡಿಸುತ್ತಲೇ ಹೋದರು.

1973ರ ಋತು ಮುಗಿದಾಗ ಲೆಕ್ಕ 713ಕ್ಕೆ ನಿಂತಿತ್ತು. ಆ ವರ್ಷ ಅವರಿಗೆ ಬಂದ ಪತ್ರಗಳು ಒಂಬತ್ತು ಲಕ್ಷಕ್ಕೂ ಹೆಚ್ಚು. ಅಭಿಮಾನದ ಪತ್ರಗಳ ನಡುವೆ ಬೈಗುಳ, ಕೊಲೆ ಬೆದರಿಕೆಗಳೂ ಇದ್ದವು. ಕರಿಯನೊಬ್ಬ ರೂತ್ ದಾಖಲೆ ಮುರಿಯುವುದನ್ನು ಕೆಲವರಿಂದ ಸಹಿಸಲಾಗಲಿಲ್ಲ. ಆರನ್ ಕಾವಲಿನಲ್ಲಿ ಓಡಾಡಬೇಕಾಯಿತು. ಆದರೂ ಆಟ ನಿಲ್ಲಿಸಲಿಲ್ಲ.

1976ರಲ್ಲಿ ನಿವೃತ್ತರಾದಾಗ ಅವರ ಮೊತ್ತ 755. ಬ್ಯಾರಿ ಬಾಂಡ್ಸ್ 2007ರಲ್ಲಿ ಆ ದಾಖಲೆಯನ್ನು ಮೀರಿದರು. ಆದರೆ ಆರನ್ ಅವರ ಒಟ್ಟು 3,771 ಯಶಸ್ವೀ ಹೊಡೆತಗಳಲ್ಲಿ ಹೋಮ್ ರನ್‌ಗಳನ್ನೆಲ್ಲ ಕಳೆದರೂ ಮೂರು ಸಾವಿರಕ್ಕೂ ಹೆಚ್ಚು ಉಳಿಯುತ್ತವೆ! ಆ ಮೂರು ಸಾವಿರವನ್ನು ಮುಟ್ಟುವುದೇ ಅನೇಕರಿಗೆ ಜೀವಮಾನದ ಸಾಧನೆ.

2021ರ ಜನವರಿ 22ರಂದು ಆರನ್ ತೀರಿಕೊಂಡರು. ದ್ವೇಷದ ಆ ಪತ್ರಗಳನ್ನು ಅವರು ಸುಡಲಿಲ್ಲ, ಎಸೆಯಲಿಲ್ಲ, ಜೋಪಾನವಾಗಿ ಇಟ್ಟುಕೊಂಡಿದ್ದರು. ಆ ಕಾಲ ಹೇಗಿತ್ತೆಂಬುದನ್ನು ಮರೆಯಬಾರದೆಂದು.